ಸಾಯಬೇಕಿದ್ದ ಕಣ ಚಿಂತಾಮಣಿಗೆ ಬಂತು!

ಚಿಂತಾಮಣಿಯ ಟೊಮೇಟೊ ಮಂಡಿ ಮುಂದೆ ನಿಂತು ಅಂಗೈ ಚಾಚಿ. ಏನಾದರೂ ಬಿತ್ತೇ? ಇಲ್ಲ ಅಂತೀರಿ. ಬಿತ್ತು! ಕೈಯನ್ನೇ ತೂರಿಕೊಂಡು ಹೋಯಿತು! ನಿಮಿಷಕ್ಕೆ ಎಷ್ಟು, ಊಹಿಸಿ. ಎರಡು? ಹತ್ತು? ಸುಮಾರು ನೂರು!

ಹೆಸರು ಮ್ಯೂಯಾನ್. ಎಲೆಕ್ಟ್ರಾನಿನ ದಢೂತಿ ಅಣ್ಣ, ಸುಮಾರು 207 ಪಟ್ಟು ಭಾರ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟುತ್ತದೆ. ಎಲ್ಲಿ? ಸುಮಾರು 15 ಕಿ.ಮೀ. ಎತ್ತರದಲ್ಲಿ. ಕಾಲಜ್ಞಾನ ಬರೆದ ತಾತಯ್ಯನವರ ಕೈವಾರಕ್ಕೆ ಇಲ್ಲಿಂದ ಹೋದಷ್ಟು ದೂರ ಅನ್ನಿ, ಆದರೆ ನೆಟ್ಟಗೆ ಮೇಲಕ್ಕೆ!

ಈಗ ಅಸಲು ಒಗಟು. ಇದರ ಸರಾಸರಿ ಆಯಸ್ಸು? ಒಂದು ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿ. ಅದರಲ್ಲಿ 2.2 ಚೂರು. ಅಷ್ಟೇ! ಬೆಳಕಿನಷ್ಟೇ ಜೋರಾಗಿ ಓಡಿದರೂ 660 ಮೀಟರಿಗೆ ಕಥೆ ಮುಗಿಯಬೇಕು. ನೂರು ಕೋಟಿ ಹೊರಟರೂ ಒಂದು ನೆಲ ಮುಟ್ಟುವುದು ಅನುಮಾನ.

ಆದರೂ ಬಂತಲ್ಲ! ದಾರಿಯಲ್ಲೇ ಕೊಳೆಯಬೇಕಿದ್ದ ಟೊಮೇಟೊ ಮಂಡಿಗೆ ಗಟ್ಟಿಯಾಗೇ ಬಂದಿಳಿದ ಹಾಗೆ!

ಹೇಗೆ? ಅದರ ಕಾಲವೇ ಹಿಗ್ಗಿತು! 1905ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇದನ್ನೇ: ಓಡುವ ಗಡಿಯಾರ, ನಿಂತವರ ಲೆಕ್ಕಕ್ಕೆ ನಿಧಾನ. ಬೆಳಕಿನ ವೇಗದ ಶೇ. 99.9ರಲ್ಲಿ ಓಡುವ ಮ್ಯೂಯಾನಿನ ಗಡಿಯಾರ ಒಮ್ಮೆ ಟಿಕ್ ಅನ್ನುವಷ್ಟರಲ್ಲಿ ನಮ್ಮದು 22 ಸಲ!

ತಾಳಿ, ಇನ್ನೂ ಇದೆ. ಮ್ಯೂಯಾನಿನ ಬೆನ್ನೇರಿ ನೋಡಿ. ಅದರ ಗಡಿಯಾರ ಅದಕ್ಕೆ ಸರಿಯಾಗೇ ಇದೆ. ಓಡುತ್ತಿರುವುದು ನಾವು! ಚಿಂತಾಮಣಿ, ಮಂಡಿ, ಲಾರಿ ಎಲ್ಲ ಅದರತ್ತ ನುಗ್ಗುತ್ತಿವೆ! ಹಾಗಾದರೆ ಆ ಚಿಟಿಕೆ ಆಯಸ್ಸಿನಲ್ಲಿ 15 ಕಿ.ಮೀ. ಹೇಗೆ? 15 ಕಿ.ಮೀ. ಎಲ್ಲಿದೆ? ಅದರ ಲೆಕ್ಕದಲ್ಲಿ ದಾರಿ ಕುಗ್ಗಿ ಬರೀ 670 ಮೀಟರ್! ಆಟೋ ಕೂಡ ಬೇಡ! ನನಗಂತೂ ಕಾಲ ಹಿಗ್ಗಿದ್ದಕ್ಕಿಂತ ಈ ದಾರಿ ಕುಗ್ಗಿದ್ದೇ ಹೆಚ್ಚು ಮೈ ಜುಮ್ಮೆನ್ನಿಸಿತು.

ಇಂಥ ಕಣದ ಸಾವೇ ಐನ್‌ಸ್ಟೈನ್‌ಗೆ ಸಾಕ್ಷಿ ನುಡಿದೀತೆಂದು 1938ರಲ್ಲೇ ಬರೆದವರು ಯಾರು ಹೇಳಿ? ಹೋಮಿ ಭಾಭಾ! ಮರುವರ್ಷ ರಜೆಗೆ ಭಾರತಕ್ಕೆ ಬಂದವರು, ಯುದ್ಧ ಶುರುವಾಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಉಳಿದರು. 1941ರಲ್ಲಿ ಅಮೆರಿಕದಲ್ಲಿ ವಿಜ್ಞಾನಿಗಳಾದ ರೋಸ್ಸಿ, ಹಾಲ್ ಅಳೆದೇ ತೋರಿಸಿದರು.

ಮುಂದೆ ಭಾಭಾ ಶಿಷ್ಯ ಬಿ.ವಿ. ಶ್ರೀಕಂಠನ್ ಮ್ಯೂಯಾನ್ ಎಣಿಸಲು ಇಳಿದದ್ದೆಲ್ಲಿಗೆ ಗೊತ್ತೇ? ಕೋಲಾರದ ಚಿನ್ನದ ಗಣಿಗೆ! 2007ರವರೆಗೆ ನಮ್ಮದೂ ಅದೇ ಜಿಲ್ಲೆ! ನೂರಾರು ಮೀಟರ್ ಬಂಡೆಯಡಿಯಲ್ಲೂ ಮ್ಯೂಯಾನ್ ಸಿಕ್ಕವು! ಅರವತ್ತರ ದಶಕದಲ್ಲಿ ಉಪಕರಣ ಇನ್ನೂ ಕೆಳಗಿಳಿಯಿತು, 2,760 ಮೀಟರಿಗೆ. ಕಾದರು, ಕಾದರು. ಒಂದೂ ಇಲ್ಲ! ಅಲ್ಲಿ ತಡೆದದ್ದು ಕಾಲವಲ್ಲ, ಕಲ್ಲು. ಗಣಿಯಾಳದ ಆ ನಿಶ್ಶಬ್ದವನ್ನೇ ನೆಚ್ಚಿ ಮತ್ತೆ ಕಾದಾಗ, 1965ರಲ್ಲಿ, ವಾತಾವರಣದಲ್ಲಿ ಹುಟ್ಟಿ, ಕಲ್ಲೂ ತಡೆಯದ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಸಿಕ್ಕಿತು!