ಬಿಸಿಲು ಬಿದ್ದರೂ ಮಿಸುಕದ ಎ.ಸಿ.

ಕಾರಿನ ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಒಳಗಿನ ಗಾಳಿಯ ಬಿಸಿಯನ್ನಷ್ಟೇ ಅಲ್ಲ, ಬೀಳುವ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಗಾಳಿ 24 ಡಿಗ್ರಿಯಲ್ಲೇ ಇದ್ದರೂ ಮುಂಗಾಜಿನಿಂದ ಬಂದ ಬಿಸಿಲು ತೊಡೆಯ ಮೇಲೆ ಬಿದ್ದರೆ ಕೂತವರಿಗೆ ಸೆಕೆ. ಅದನ್ನು ಮೊದಲೇ ಗ್ರಹಿಸಿ ಬ್ಲೋವರ್ ಜೋರು ಮಾಡಲು ನೆರವಾಗುವುದು ಸನ್‌ಲೋಡ್ ಸೆನ್ಸರ್: ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿರುವ ಪುಟ್ಟ ಕಪ್ಪು ಉಬ್ಬು. ಅದರೊಳಗಿನ ಫೋಟೋಡಯೋಡ್ ಮೇಲೆ ಬೆಳಕು ಹೆಚ್ಚಾದಂತೆ ಹರಿಯುವ ಕರೆಂಟೂ ಹೆಚ್ಚುತ್ತದೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಉಷ್ಣಾಂಶ ಇಡಬಹುದಾದ ಎಷ್ಟೋ ಕಾರುಗಳಲ್ಲಿ ಇಂಥ ಡಯೋಡ್ ಎರಡಿರುತ್ತವೆ.

ಸೆನ್ಸರ್ ಕೆಟ್ಟರೆ ಎ.ಸಿ. ನಿಂತುಹೋಗುವುದಿಲ್ಲ, ತಪ್ಪು ಲೆಕ್ಕದಲ್ಲಿ ಓಡುತ್ತದೆ. ಸುಡು ಮಧ್ಯಾಹ್ನದಲ್ಲೂ ಬ್ಲೋವರ್ ಮೆತ್ತಗೇ ತಿರುಗುತ್ತಿರಬಹುದು; ಇಲ್ಲವೇ ರಾತ್ರಿಯಲ್ಲೂ ಬಿಸಿಲಿದೆ ಎಂದುಕೊಂಡು ತಣ್ಣನೆಯ ಗಾಳಿ ರಾಚಬಹುದು. ಆದರೆ ಬ್ಲೋವರ್ ವೇಗವನ್ನು ಕೈಯಿಂದಲೇ ಹೊಂದಿಸಿಟ್ಟಿದ್ದರೆ ಅದು ಬಿಸಿಲಿಗೆ ಬದಲಾಗುವುದಿಲ್ಲ. ಹಾಗಾಗಿ ಆಟೋ ಬಟನ್ ಒತ್ತಿದೆಯೇ ಎಂದು ಮೊದಲು ನೋಡಬೇಕು.

ಬಿಡಿಭಾಗ ಬದಲಿಸಲು ಹೊರಡುವ ಮುನ್ನ ಡ್ಯಾಶ್‌ಬೋರ್ಡಿನ ಮೇಲೆ ಏನೇನಿದೆ ಎಂದೂ ಗಮನಿಸುವುದು ಮೇಲು. ಗಣಪತಿಯ ವಿಗ್ರಹ, ಟಿಶ್ಯೂ ಡಬ್ಬಿ, ಚೆಂದಕ್ಕೆ ಹಾಸಿದ ಮ್ಯಾಟ್ ಇವುಗಳಲ್ಲಿ ಯಾವುದೇ ಒಂದು ಸೆನ್ಸರಿಗೆ ಅಡ್ಡ ನಿಂತರೂ ಸಾಕು. ದೂಳು ಕೂತಿದ್ದರೆ ಒರೆಸಿ ನೋಡಬೇಕು.

ಮುಂದಿನದು ಸ್ವಯಂ ತಪಾಸಣೆ. ಹಳೆಯ ಹಲವು ಟೊಯೋಟಾ ಕಾರುಗಳಲ್ಲಿ ಆಟೋ ಬಟನ್ ಮತ್ತು ಒಳಗಾಳಿಯ ಬಟನ್ ಎರಡನ್ನೂ ಒತ್ತಿ ಹಿಡಿದು ಇಗ್ನಿಷನ್ ಆನ್ ಮಾಡಿದರೆ ಎ.ಸಿ. ಪರದೆಯಲ್ಲೇ ದೋಷದ ಕೋಡ್ ಮೂಡುತ್ತದೆ. ಅಲ್ಲಿ 21 ಎಂದರೆ ಸೂರ್ಯಬೆಳಕಿನ ಸೆನ್ಸರ್. ಮೋಸ ಹೋಗುವುದು ಇಲ್ಲೇ. ಕತ್ತಲ ಗ್ಯಾರೇಜಿನಲ್ಲಿ ಪರೀಕ್ಷಿಸಿದರೆ ಸೆನ್ಸರ್ ಸರಿಯಿದ್ದರೂ ಇದೇ ಕೋಡ್ ಬರುತ್ತದೆ, ಏಕೆಂದರೆ ಬೆಳಕಿಲ್ಲದಿರುವುದೂ ವೈರ್ ತುಂಡಾಗಿರುವುದೂ ಎ.ಸಿ.ಯನ್ನು ನಡೆಸುವ ಕಂಪ್ಯೂಟರಿಗೆ ಒಂದೇ ಥರ ಕಾಣುತ್ತವೆ. ಆದ್ದರಿಂದ ಕಾರನ್ನು ಬಿಸಿಲಿಗೆ ತಂದು, ಇಲ್ಲವೇ ಹಳೆಯ ಕಾಲದ 60 ವಾಟಿನ ತಂತಿ ಬಲ್ಬನ್ನು ಸೆನ್ಸರಿನ ಹತ್ತಿರ ಹಿಡಿದು ನೋಡಬೇಕು. ಮೊಬೈಲ್ ಟಾರ್ಚ್ ನಂಬುವಂತಿಲ್ಲ. ಇಂಥ ಸೆನ್ಸರ್‌ಗಳಲ್ಲಿ ಹಲವು ಇನ್‌ಫ್ರಾರೆಡ್ ಕಿರಣಕ್ಕೇ ಹೆಚ್ಚು ಸ್ಪಂದಿಸುತ್ತವೆ. ಎಲ್‌ಇಡಿ, ಟ್ಯೂಬ್‌ಲೈಟ್‌ಗಳಲ್ಲಿ ಅದು ತೀರಾ ಕಡಿಮೆ.

ಆ ಕಂಪ್ಯೂಟರಿನ ಅಂಕಿಗಳನ್ನು ಓದುವ ಸ್ಕ್ಯಾನರ್ ಇದ್ದರೆ ಕೆಲಸ ಸುಲಭ. ಸೆನ್ಸರನ್ನು ದಪ್ಪ ಬಟ್ಟೆಯಿಂದ ಮುಚ್ಚಿ ತೆರೆದಾಗ ಪರದೆಯ ಅಂಕಿ ಏರಿಳಿಯಬೇಕು. ಅಂಕಿ ಅಲುಗದಿದ್ದರೆ ಕನೆಕ್ಟರ್ ಬಿಚ್ಚಿ, ಕಂಪ್ಯೂಟರಿನ ಕಡೆಯಿಂದ ವೋಲ್ಟೇಜ್ ಬರುತ್ತಿದೆಯೇ ಎಂದು ಮಲ್ಟಿಮೀಟರ್ ಇಟ್ಟು ನೋಡಬೇಕು. ಹಲವು ಕಾರುಗಳಲ್ಲಿ ಅದು 5 ವೋಲ್ಟ್ ಆಸುಪಾಸು. ಬರದಿದ್ದರೆ ತಪ್ಪು ವೈರಿಂಗಿನದೋ ಕಂಪ್ಯೂಟರಿನದೋ. ಬಂದರೆ, ಕನೆಕ್ಟರ್ ಮತ್ತೆ ಕೂಡಿಸಿ ಬೆಳಕಿನಲ್ಲೂ ಬಟ್ಟೆ ಮುಚ್ಚಿಯೂ ಸಿಗ್ನಲ್ ಅಳೆಯಬೇಕು. ಬೆಳಕಿಗೆ ವೋಲ್ಟೇಜ್ ಏರಬೇಕೋ ಇಳಿಯಬೇಕೋ ಎಂಬುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಆ ಕಾರಿನ ವರ್ಕ್‌ಶಾಪ್ ಮ್ಯಾನುಯಲ್ ಇಲ್ಲದೆ ತೀರ್ಪು ಕೊಡುವುದು ಅವಸರವಾದೀತು.

ಮುಂಗಾಜು ಬದಲಿಸಿದ ಮೇಲೆ ತೊಂದರೆ ಶುರುವಾಗಿದ್ದರೆ ಸಡಿಲವಾದ ಕನೆಕ್ಟರಿನ ಮೇಲೆಯೇ ಮೊದಲ ಅನುಮಾನ. ಸೆನ್ಸರೇ ಕೆಟ್ಟಿದ್ದರೆ ರಿಪೇರಿಯಿಲ್ಲ, ಬದಲಿಸಬೇಕು. ನಂತರ ಹಳೆಯ ಕೋಡ್ ಅಳಿಸಿ, ಬಯಲಿನಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು.