ಅಡ್ಮಿನ್ ಪಾಸ್‌ವರ್ಡ್ ಇಲ್ಲದೆ ಗಿಂಪ್: ಲ್ಯಾಬ್ ಕಂಪ್ಯೂಟರ್‌ನಲ್ಲೇ ಪೋಸ್ಟರ್

ರಾಜ್ಯೋತ್ಸವಕ್ಕೆ ಇನ್ನು ಮೂರೇ ದಿನ. ಪೋಸ್ಟರ್ ಮಾಡೋ ಕೆಲಸ ನನ್ನ ಮತ್ತು ನನ್ನ ಗೆಳೆಯನ ತಲೆಗೆ ಬಿತ್ತು. ಅವನು ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ದಿನಾ ಬಸ್ಸಲ್ಲಿ ಚಾಮರಾಜನಗರಕ್ಕೆ ಬರೋನು. ಅವನ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ನನ್ನದು ರಿಪೇರಿಗೆ ಹೋಗಿತ್ತು. ಇದ್ದದ್ದು ಒಂದು ಒಳ್ಳೆ ಫೋಟೋ ಮಾತ್ರ: ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋ ದಾರೀಲಿ ಮಳೆಗಾಲದಲ್ಲಿ ಅವನೇ ತೆಗೆದ ಸೂರ್ಯಕಾಂತಿ ಹೊಲ.

ಲ್ಯಾಬಿಗೆ ಹೋಗಿ ಗಿಂಪ್ ಇನ್‌ಸ್ಟಾಲರ್ ಇಳಿಸಿಕೊಂಡು ಡಬಲ್ ಕ್ಲಿಕ್ ಮಾಡಿದೆವು. ಒಂದು ಪ್ರಶ್ನೆ ಬಂತು, ಓದದೇ ಒತ್ತಿದೆವು. ಪರದೆ ಮಂಕಾಯ್ತು.

"ಪಾಸ್‌ವರ್ಡ್ ಕೇಳ್ತದ ಕನ್ಲಾ" ಅಂದ ಗೆಳೆಯ.

ಲ್ಯಾಬ್ ಇನ್‌ಸ್ಟ್ರಕ್ಟರ್ ಹತ್ತಿರ ಹೋದೆವು. "ಪಾಸ್‌ವರ್ಡ್ ಕೊಡಕ್ಕಾಗಲ್ಲಪ್ಪ. ಇನ್‌ಸ್ಟಾಲ್ ಮಾಡದೇನೇ ಓಡೋದು ಏನಾದ್ರೂ ಇದ್ರೆ ತನ್ನಿ, ನನಗೆ ತೋರಿಸಿ ಹಾಕ್ಕೊಳ್ಳಿ" ಅಂದರು. ಆ ಒಂದು ಮಾತಿನಿಂದ ಕಲಿತದ್ದೇ ಈ ಲೇಖನ.

ಪಾಸ್‌ವರ್ಡ್ ಯಾಕೆ ಕೇಳುತ್ತೆ?

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಮನೆಯ ಕಂಪ್ಯೂಟರ್‌ಗಳಲ್ಲಿ ಬಹುತೇಕ ಎಲ್ಲರೂ ಅಡ್ಮಿನ್ನೇ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಿಂದ ಈ ಮಂಕು ಪರದೆ ಶುರುವಾಯ್ತು. ಇದು ಪ್ರೋಗ್ರಾಂ ಏನು ಕೆಲಸ ಮಾಡುತ್ತೆ ಅಂತ ನೋಡಲ್ಲ, ಎಲ್ಲಿ ಕೈ ಹಾಕುತ್ತೆ ಅಂತ ನೋಡುತ್ತೆ. ಸಿ ಡ್ರೈವ್‌ನ ಪ್ರೋಗ್ರಾಂ ಫೈಲ್ಸ್ ಫೋಲ್ಡರ್, ರಿಜಿಸ್ಟ್ರಿಯಲ್ಲಿ ಇಡೀ ಯಂತ್ರಕ್ಕೆ ಸೇರಿದ ಭಾಗ, ಡ್ರೈವರ್‌ಗಳು: ಇವು ಎಲ್ಲ ಬಳಕೆದಾರರಿಗೂ ಸೇರಿದ ಜಾಗ, ಊರ ಕೆರೆ ಇದ್ದ ಹಾಗೆ. ಅಲ್ಲಿ ಬದಲಾವಣೆ ಮಾಡೋಕೆ ಅಡ್ಮಿನ್ ಒಪ್ಪಿಗೆ ಬೇಕು. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್ ನಿಮ್ಮ ಮನೆ ಹಿತ್ತಲು. ಅಲ್ಲಿ ಯಾರನ್ನೂ ಕೇಳಬೇಕಿಲ್ಲ.

ಈಗ ಯೋಚಿಸಿ. ಒಂದು ಫೋಟೋ ತೆರೆದು, ಕತ್ತರಿಸಿ, ಬಣ್ಣ ತಿದ್ದಿ, ಮೇಲೆ ಅಕ್ಷರ ಬರೆದು ಉಳಿಸೋಕೆ ಊರ ಕೆರೆ ಮುಟ್ಟೋ ಅಗತ್ಯ ಎಲ್ಲಿದೆ? ಇಲ್ಲ. ಅಡ್ಮಿನ್ ಹಕ್ಕು ಕೇಳೋದು ಇನ್‌ಸ್ಟಾಲರ್, ಫೋಟೋ ತಿದ್ದೋ ಕೆಲಸ ಅಲ್ಲ.

ಮೂರು ದಾರಿ

ಮೊದಲನೇದು, ನಾವು ಓದದೇ ಒತ್ತಿದ ಆ ಪ್ರಶ್ನೆ. ಎಲ್ಲ ಬಳಕೆದಾರರಿಗೂ ಹಾಕಬೇಕಾ, ನಿಮಗೊಬ್ಬರಿಗೇ ಸಾಕಾ ಅಂತ ಗಿಂಪ್ ಇನ್‌ಸ್ಟಾಲರ್ ಕೇಳಿತ್ತು. ಎರಡನೇದನ್ನ ಒತ್ತಿದ್ದರೆ ಪ್ರೋಗ್ರಾಂ ನಮ್ಮ ಖಾತೆಯ ಫೋಲ್ಡರ್‌ಗೇ ಹೋಗಿ ಕೂರುತ್ತಿತ್ತು, ಪಾಸ್‌ವರ್ಡ್ ಬೇಕಿರಲಿಲ್ಲ. ಆದರೆ ಲ್ಯಾಬಲ್ಲಿ ಇವತ್ತು ಕೂತ ಸಿಸ್ಟಂ ನಾಳೆ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ.

ಅದಕ್ಕೇ ಎರಡನೇದು, ಪೋರ್ಟಬಲ್ ಆವೃತ್ತಿ. ಪೋರ್ಟಬಲ್‌ಆ್ಯಪ್ಸ್ ಡಾಟ್ ಕಾಮ್‌ನಲ್ಲಿ ಗಿಂಪ್ ಪೋರ್ಟಬಲ್ ಸಿಗುತ್ತೆ. ಅದನ್ನ ಪೆನ್‌ಡ್ರೈವ್‌ಗೆ ಬಿಚ್ಚಿಟ್ಟುಕೊಂಡರೆ ಆಯ್ತು. ಪ್ರೋಗ್ರಾಂ, ಸೆಟ್ಟಿಂಗ್ಸ್, ಬ್ರಷ್‌ಗಳು ಎಲ್ಲಾ ಒಂದೇ ಫೋಲ್ಡರ್‌ನಲ್ಲಿ. 8 ಜಿಬಿ ಪೆನ್‌ಡ್ರೈವ್ ಧಾರಾಳ. ಹಳೇ ಪೆನ್‌ಡ್ರೈವ್‌ನಿಂದ ನೇರ ಓಡಿಸಿದರೆ ತೆರೆಯೋಕೆ ಬಹಳ ಹೊತ್ತು ಹಿಡಿಯುತ್ತೆ. ಇಡೀ ಫೋಲ್ಡರನ್ನ ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿ ಓಡಿಸಿ, ಮುಗಿದ ಮೇಲೆ ಅಳಿಸಿ.

ಮೂರನೇದು, ಬ್ರೌಸರ್. ಕೆಲವು ಲ್ಯಾಬ್‌ಗಳಲ್ಲಿ ಅನುಮತಿ ಕೊಟ್ಟ ಪ್ರೋಗ್ರಾಂ ಬಿಟ್ಟು ಬೇರೇನೂ ಓಡದ ಹಾಗೆ ಕಟ್ಟಿರುತ್ತಾರೆ. ಅಲ್ಲಿ ಪೋರ್ಟಬಲ್ ಕೂಡ ನಡೆಯಲ್ಲ. ಆಗ ಫೋಟೋಪೀ ನೋಡಿ. ಇವಾನ್ ಕುಟ್ಸ್‌ಕಿರ್ ಅನ್ನೋ ಒಬ್ಬ ಪ್ರೋಗ್ರಾಮರ್ ಕಟ್ಟಿದ್ದು. ಫೋಟೋಶಾಪ್‌ನ ಪಿಎಸ್‌ಡಿ ಕಡತ ಕೂಡ ತೆರೆಯುತ್ತೆ. ನಿಮ್ಮ ಚಿತ್ರ ಎಲ್ಲಿಗೂ ಅಪ್‌ಲೋಡ್ ಆಗಲ್ಲ, ಲೆಕ್ಕಾಚಾರ ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತೆ.

ಕನ್ನಡ ಅಕ್ಷರ, ಮೆಮೊರಿ

ನಾವು ಎರಡನೇ ದಾರಿ ಹಿಡಿದೆವು. ಮುಂದಿನ ತಲೆನೋವು ಫಾಂಟ್. ಲ್ಯಾಬಲ್ಲಿ ಇದ್ದದ್ದು ವಿಂಡೋಸ್ ಜೊತೆ ಬರೋ ನಿರ್ಮಲಾ ಯುಐ ಒಂದೇ. ಫಾಂಟನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಗಿಂಪ್‌ನ ಎಡಿಟ್ ಮೆನುವಿನಲ್ಲಿ ಪ್ರಿಫರೆನ್ಸಸ್, ಅದರಲ್ಲಿ ಫೋಲ್ಡರ್ಸ್, ಅದರ ಕೆಳಗೆ ಫಾಂಟ್ಸ್. ಅಲ್ಲಿ ತೋರಿಸೋ ನಿಮ್ಮ ಫೋಲ್ಡರ್‌ಗೆ ಕಡತ ಹಾಕಿ ಗಿಂಪ್ ಮತ್ತೆ ತೆರೆದರೆ ಸಾಕು. ಗೂಗಲ್ ಫಾಂಟ್ಸ್‌ನಲ್ಲಿ ಬಾಲೂ ತಮ್ಮ, ನೋಟೋ ಸೆರಿಫ್ ಕನ್ನಡ, ಬೆಣ್ಣೆ ಎಲ್ಲವೂ ಉಚಿತ. ಒತ್ತಕ್ಷರಗಳೂ ಸರಿಯಾಗಿ ಕೂರುತ್ತವೆ. ಒಂದು ಎಚ್ಚರ: ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಾಗೇ ಪೇಸ್ಟ್ ಮಾಡಿದರೆ ಏನೇನೋ ಚಿಹ್ನೆ ಬರುತ್ತೆ, ಮೊದಲು ಯೂನಿಕೋಡ್‌ಗೆ ಬದಲಿಸಿ. ನಾವು ಫೋನಲ್ಲೇ ಟೈಪ್ ಮಾಡಿ ಮೇಲ್ ಮಾಡಿಕೊಂಡೆವು.

ಇನ್ನು ಮೆಮೊರಿ ಲೆಕ್ಕ. ಎ3 ಪೋಸ್ಟರ್ 300 ಡಿಪಿಐಗೆ 3508 × 4961 ಪಿಕ್ಸೆಲ್, ಅಂದರೆ ಸುಮಾರು 1.74 ಕೋಟಿ. ಒಂದು ಪಿಕ್ಸೆಲ್‌ಗೆ 4 ಬೈಟ್ ಅಂದರೂ ಒಂದು ಲೇಯರ್‌ಗೆ ಸುಮಾರು 70 ಎಂಬಿ. ಹತ್ತು ಲೇಯರ್ ಆದರೆ 700 ಎಂಬಿ. 4 ಜಿಬಿ ರ‍್ಯಾಮ್ ಇರೋ ಸಿಸ್ಟಂ ಅಲ್ಲೇ ಏದುಸಿರು ಬಿಡುತ್ತೆ. ಮುಗಿದ ಲೇಯರ್‌ಗಳನ್ನ ಆಗಾಗ ಮರ್ಜ್ ಮಾಡಿ, ಎಕ್ಸ್‌ಸಿಎಫ್ ಕಡತವನ್ನ ಪೆನ್‌ಡ್ರೈವ್‌ಗೆ ಉಳಿಸುತ್ತಾ ಇರಿ. ರೀಸ್ಟಾರ್ಟ್ ಮಾಡಿದರೆ ಎಲ್ಲಾ ಅಳಿಸಿಹೋಗೋ ಲ್ಯಾಬ್‌ಗಳೂ ಇವೆ.

ಎರಡು ಬಗೆಯ ಅನುಮತಿ

ಪಾಸ್‌ವರ್ಡ್ ಬೇಡ ಅಂದ ಮಾತ್ರಕ್ಕೆ ಯಾರನ್ನೂ ಕೇಳೋದು ಬೇಡ ಅಂತಲ್ಲ. ಯಂತ್ರದ ಅನುಮತಿ ಒಂದು, ಲ್ಯಾಬ್ ನೋಡಿಕೊಳ್ಳೋರ ಅನುಮತಿ ಇನ್ನೊಂದು. ಪೋರ್ಟಬಲ್ ಪ್ರೋಗ್ರಾಂಗೆ ಮೊದಲನೇದು ಬೇಡ, ನಮಗೆ ಎರಡನೇದು ಬೇಕೇ ಬೇಕು. ಲ್ಯಾಬಿಗೆ ವೈರಸ್ ಬರೋ ಹೆದ್ದಾರಿ ಅಂದರೆ ನಮ್ಮ ಪೆನ್‌ಡ್ರೈವ್‌ಗಳೇ. ಸ್ಕ್ಯಾನ್ ಮಾಡಿಸಿ, ಕ್ರ್ಯಾಕ್ ಮಾಡಿದ ಫೋಟೋಶಾಪ್ ಕಡೆ ತಲೆ ಹಾಕಬೇಡಿ, ಪಾಸ್‌ವರ್ಡ್ ಮುರಿಯೋ ವಿಡಿಯೋಗಳನ್ನ ನಂಬಬೇಡಿ.

ಅಂದ ಹಾಗೆ ಗಿಂಪ್ ಕೂಡ ವಿದ್ಯಾರ್ಥಿಗಳ ಕೈಕೂಸೇ. 1995ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಾಲ್, ಪೀಟರ್ ಮ್ಯಾಟಿಸ್ ಇದನ್ನ ಶುರುಮಾಡಿದರು. 1996ರಲ್ಲಿ ಲ್ಯಾರಿ ಯೂಯಿಂಗ್ ಲಿನಕ್ಸ್‌ನ ಪೆಂಗ್ವಿನ್ ಬಿಡಿಸಿದ್ದೂ ಇದರಲ್ಲೇ.

ನಮ್ಮ ಪೋಸ್ಟರ್ ಮುಗಿದಾಗ ಗೆಳೆಯನ ಮಾಮೂಲಿ ಬಸ್ ಹೋಗಿಬಿಟ್ಟಿತ್ತು. ಮುಂದಿನ ಬಸ್ಸಿಗೆ ಕಾಯ್ತಾ, ಪೆನ್‌ಡ್ರೈವ್ ಜೇಬಿಂದ ತೆಗೆದು ನೋಡಿ, "ಇನ್ಮ್ಯಾಕೆ ಇದೇ ನನ್ ಲ್ಯಾಪ್‌ಟಾಪು ಕನ್ಲಾ" ಅಂದ. ಸೆಮಿಸ್ಟರ್ ಮುಗಿಯೋ ಹೊತ್ತಿಗೆ ಜೂನಿಯರ್ಸ್ ಏಳು ಜನ ಅವನ ಹತ್ತಿರ ಆ ಫೋಲ್ಡರ್ ಕಾಪಿ ಮಾಡಿಸಿಕೊಂಡಿದ್ದಾರೆ. ಅವರಲ್ಲಿ ಐದು ಜನರ ಹತ್ತಿರ ಲ್ಯಾಪ್‌ಟಾಪ್ ಇಲ್ಲ.