ದಟ್ಟಣೆ ದಾಟಿ ದಟ್ಟಗಳ್ಳಿಗೆ: ಬಡ ಪ್ರವಾಸಿ ಕಂಡ ಮೈಸೂರು

ಮೈಸೂರಿಗೆ ಬರುವ ಪ್ರವಾಸಿಗಳಲ್ಲಿ ಎರಡು ಜಾತಿ. ಕಾರಿನಲ್ಲಿ ಬಂದು ಹೋಟೆಲ್ ಬಾಗಿಲಲ್ಲೇ ಇಳಿಯುವವರದ್ದು ಒಂದು. ಹೆಗಲಿಗೆ ಚೀಲ ಹಾಕಿಕೊಂಡು, ಎಣಿಸಿಟ್ಟ ದುಡ್ಡಿನಲ್ಲಿ ಬಸ್ಸು ರೈಲು ಹಿಡಿದು ಬರುವವರದ್ದು ಇನ್ನೊಂದು. ಮೊದಲನೆಯವರಿಗೆ ಮೈಸೂರು ಅಂದರೆ ಅರಮನೆ. ಎರಡನೆಯವರಿಗೆ ಮೊದಲು ಬಸ್ ಸ್ಟ್ಯಾಂಡು, ಆಮೇಲೆ ಅರಮನೆ.

ಈ ಎರಡನೇ ಜಾತಿಯವರೆಲ್ಲ ವಿದೇಶಿಯರು ಅಂತ ತಿಳಿಯಬೇಡಿ. ಕೇರಳದ ಕಾಲೇಜು ಹುಡುಗರು, ತಮಿಳುನಾಡಿನ ಸಂಸಾರವಂದಿಗರು, ಮಕ್ಕಳಿಗೆ ದಸರಾ ತೋರಿಸಲು ರಾಯಚೂರು ಕಡೆಯಿಂದ ಬರುವ ಮೇಷ್ಟ್ರು, ಎಲ್ಲರೂ ಇದರಲ್ಲಿ ಸೇರಿದವರೇ. ಅರಮನೆ ಸುತ್ತಲಿನ ಲಾಡ್ಜುಗಳು ತುಂಬಿದಾಗ, ಇಲ್ಲವೇ ಬಾಡಿಗೆ ಕೈಗೆ ಎಟುಕದಾಗ, ಇವರು ಬಡಾವಣೆಗಳಲ್ಲಿರುವ ನೆಂಟರ ಮನೆಯನ್ನೋ, ಸ್ನೇಹಿತರ ರೂಮನ್ನೋ ಹುಡುಕಿಕೊಂಡು ಹೊರಡುತ್ತಾರೆ. ಊರಿನ ನೈಋತ್ಯಕ್ಕೆ, ರಿಂಗ್ ರಸ್ತೆಯ ಮಗ್ಗುಲಿಗಿರುವ ದಟ್ಟಗಳ್ಳಿಯೂ ಅಂಥದ್ದೊಂದು ಬಡಾವಣೆ.

ಅಂಥವನೊಬ್ಬ 'ದಟ್ಟಗಳ್ಳಿ ಮೂರನೇ ಹಂತ' ಎಂಬ ಚೀಟಿ ಹಿಡಿದು ಮೈಸೂರಲ್ಲಿ ಇಳಿದ ಎಂದಿಟ್ಟುಕೊಳ್ಳಿ. ಮೊದಲ ಎರಡು ಗಂಟೆಯಲ್ಲಿ ಅವನ ಕಣ್ಣಿಗೆ ಬೀಳುವ ಊರು ಯಾವುದು?

ಎರಡು ಸ್ಟ್ಯಾಂಡು, ಎರಡೆರಡು ಹೆಸರು

ಹೊರಊರಿನ ಬಸ್ಸು ಅವನನ್ನು ಇಳಿಸುವುದು ಬೆಂಗಳೂರು–ನೀಲಗಿರಿ ರಸ್ತೆಯ ಸಬರ್ಬನ್ ನಿಲ್ದಾಣದಲ್ಲಿ. ದಟ್ಟಗಳ್ಳಿ ಬಸ್ಸು ಹಿಡಿಯಬೇಕಾದ್ದು ಕೆ.ಆರ್. ಸರ್ಕಲ್ ಪಕ್ಕದ ಸಿಟಿ ಬಸ್ ಸ್ಟ್ಯಾಂಡಿನಲ್ಲಿ. ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ "ಬಸ್ ಸ್ಟ್ಯಾಂಡ್ ಎಲ್ಲಿ?" ಅಂತ ಕೇಳುವ ಪಾಡು ಪಾಪ ಅವನದ್ದು. ಕೇಳಿಸಿಕೊಂಡವರು ನಗುತ್ತಾರೆ. ನಗುವಂಥದ್ದೇನೂ ಇಲ್ಲ. ಎರಡು ನಿಲ್ದಾಣ ಇರುವ ಊರು ಅಂತ ಹೊಸಬನಿಗೆ ಕನಸು ಬೀಳುತ್ತದೆಯೆ?

ನಡೆದೇ ಹೋಗೋಣ ಅಂದರೆ ಸರ್ಕಲ್ಲುಗಳ ಗೋಜಲು. ನಕ್ಷೆಯಲ್ಲಿ ಇರುವುದು ಜಯಚಾಮರಾಜ ಒಡೆಯರ್ ವೃತ್ತ. ಜನರ ಬಾಯಲ್ಲಿ ಅದು ಇವತ್ತಿಗೂ ಹಾರ್ಡಿಂಜ್ ಸರ್ಕಲ್. ವೈಸರಾಯ್ ಹಾರ್ಡಿಂಜ್ ಹೋಗಿ ನೂರು ವರ್ಷ ಮೇಲಾಯಿತು, ಹೆಸರು ಹೋಗಲಿಲ್ಲ. ಒಂದು ಸರ್ಕಲ್ಲಿನಲ್ಲಿ ನಾಲ್ವಡಿಯವರ ಪ್ರತಿಮೆ, ಇನ್ನೊಂದರಲ್ಲಿ ಚಾಮರಾಜೇಂದ್ರ ಒಡೆಯರ್ ಅವರದ್ದು. ಊರವರಿಗೆ ಅದೇ ಗುರುತು. ಹೊಸಬನಿಗೆ ಎಲ್ಲವೂ ಒಂದೇ ಥರ.

ಇಷ್ಟೊಂದು ಜನ ಇಲ್ಲೇ ಯಾಕೆ ಸೇರುತ್ತಾರೆ ಎಂಬುದಕ್ಕೆ ಕಾರಣ ಉಂಟು. 1897ರಲ್ಲಿ ಮರದ ಅರಮನೆ ಸುಟ್ಟಿತು. ಹೆನ್ರಿ ಇರ್ವಿನ್ ನಕ್ಷೆಯ ಈಗಿನ ಅರಮನೆ 1912ರಲ್ಲಿ ಮುಗಿಯಿತು. ಪ್ಲೇಗು ಬಂದು ಹೋದ ಮೇಲೆ, 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಹುಟ್ಟಿ, ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರಗಿನ ಬಡಾವಣೆಗಳಿಗೆ ಕಳಿಸುವ ಕೆಲಸ ಶುರುವಾಯಿತು. ಆ ಕೆಲಸ ನಡೆಯುತ್ತಾ ನಡೆಯುತ್ತಾ ಒಂದು ಕಾಲದ ಹಳ್ಳಿಯಾದ ದಟ್ಟಗಳ್ಳಿಯವರೆಗೂ ಬಂತು. ಮನೆಗಳೇನೋ ಹೊರಗೆ ಹೋದವು. ಮಾರ್ಕೆಟ್ಟು, ದೊಡ್ಡಾಸ್ಪತ್ರೆ, ಸಿಟಿ ಬಸ್ ಸ್ಟ್ಯಾಂಡು ಅರಮನೆ ಸುತ್ತಲೇ ಉಳಿದವು. ಹಾಗಾಗಿ ಬಡಾವಣೆಯವರು ಬೆಳಗಾದರೆ ಒಳಗೆ, ಸಂಜೆಯಾದರೆ ಹೊರಗೆ. ಪ್ರವಾಸಿ ಬಂದು ಸಿಕ್ಕಿಕೊಳ್ಳುವುದು ಈ ಓಡಾಟದ ನಡುಮಧ್ಯೆ.

"ಇವತ್ತು ಮಾರ್ಕೆಟ್ ರಜಾ ಸಾರ್"

ಚೀಲ ಹೊತ್ತವನು ದೇವರಾಜ ಮಾರ್ಕೆಟ್ಟಿಗೆ ಕಾಲಿಟ್ಟರೆ ಕಣ್ಣು ತುಂಬುತ್ತದೆ. ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ, ಗುಡ್ಡೆ ಗುಡ್ಡೆ ಕುಂಕುಮ. ಕಾಸು ಕೊಡದೆ ನೋಡಬಹುದಾದ ವೈಭವ. ಅವನ ಮೊದಲ ಸಂತೋಷ ಇದೇ.

ಮೊದಲ ಮೋಸವೂ ಹೆಚ್ಚಾಗಿ ಇಲ್ಲೇ, ಇಲ್ಲವೇ ಅರಮನೆ ಬಾಗಿಲಲ್ಲಿ. ಒಬ್ಬ ಸಭ್ಯಸ್ಥ ಹತ್ತಿರ ಬರುತ್ತಾನೆ. ಯಾವ ಊರು, ಎಲ್ಲಿಂದ ಬಂದಿರಿ, ಊಟ ಆಯಿತೆ, ಎಲ್ಲಾ ವಿಚಾರಿಸುತ್ತಾನೆ. ಆಮೇಲೆ "ಇವತ್ತು ಮಾರ್ಕೆಟ್ ರಜಾ ಸಾರ್, ಆದರೆ ಇವತ್ತೊಂದೇ ದಿನ ನಡೆಯೋ ಸ್ಪೆಷಲ್ ಮಾರ್ಕೆಟ್ ಒಂದಿದೆ" ಅನ್ನುತ್ತಾನೆ. ಆಟೋ ತಯಾರಾಗಿ ನಿಂತಿರುತ್ತದೆ. ಬಾಡಿಗೆಯೂ ಅಗ್ಗ. ಹೋಗಿ ನೋಡಿದರೆ ಊದುಬತ್ತಿ, ಗಂಧದೆಣ್ಣೆ ಅಂಗಡಿ. ಬೆಲೆ ಮಾತ್ರ ಆಕಾಶಕ್ಕೆ. ವ್ಯಾಪಾರ ಕುದುರಿದರೆ ಸಭ್ಯಸ್ಥನಿಗೂ ಆಟೋದವನಿಗೂ ಕಮಿಷನ್.

ನಷ್ಟ ಯಾರಿಗೆ? ದುಡ್ಡು ಕಳೆದುಕೊಂಡವನು ಒಂದು ದಿನ ಗೊಣಗಿ ಊಟಿ ಬಸ್ಸು ಹತ್ತುತ್ತಾನೆ. ಆದರೆ ಮೋಸ ಹೋದವನು ಆಮೇಲೆ ಯಾರನ್ನೂ ನಂಬುವುದಿಲ್ಲ. ನ್ಯಾಯವಾಗಿ ತೂಕ ಮಾಡಿ, ನ್ಯಾಯವಾದ ಬೆಲೆ ಹೇಳುವ ಸಯ್ಯಾಜಿರಾವ್ ರಸ್ತೆಯ ಅಂಗಡಿಯವನನ್ನೂ ಕಳ್ಳನ ಹಾಗೆ ನೋಡುತ್ತಾನೆ. ದಲ್ಲಾಳಿ ಹೊಡೆದದ್ದು ಪ್ರವಾಸಿಯ ಜೇಬು ಮಾತ್ರವಲ್ಲ, ಪಕ್ಕದ ಅಂಗಡಿಯ ಗಲ್ಲಾ ಕೂಡ.

ಇದೇ ಜಾಗದಲ್ಲಿ ಅವನಿಗೆ ಕಾಣದ ಇನ್ನೊಂದು ಸಂಗತಿಯೂ ಇದೆ. 2012ರ ಆಗಸ್ಟಿನಲ್ಲಿ ಸಮೀಪದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಮಾರ್ಕೆಟ್ಟಿನದೇ ಒಂದು ಭಾಗ ಬಿತ್ತು. ಪ್ರವಾಸಿ ಫೋಟೋ ತೆಗೆದುಕೊಳ್ಳುವ ಹಳೇ ಕಮಾನಿನ ಕೆಳಗೆ ಕೂತು ಹೂ ಕಟ್ಟುವವರಿಗೆ, ಮೇಲಿರುವುದು ಅಂದವೂ ಹೌದು, ಅಂಜಿಕೆಯೂ ಹೌದು.

ರೈಟ್, ರೈಟ್!

ಇನ್ನು ಬಸ್ಸಿನ ಪ್ರಕರಣ. ಬೋರ್ಡಿನಲ್ಲಿ ಕನ್ನಡ ಇರುವುದು ಸರಿ, ಇರಲೇಬೇಕು. ಆದರೆ ಕನ್ನಡ ಓದಲು ಬರುವ ರಾಯಚೂರು ಮೇಷ್ಟ್ರಿಗೂ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಅಂತ ಓಡಿ ಕೇಳದೆ ಗೊತ್ತಾಗುವುದಿಲ್ಲ. ಹೇಗೋ ಹತ್ತಿದರೆ "ಒಳಗೆ ನಡೀರಿ, ಒಳಗೆ ನಡೀರಿ" ಎಂಬ ಕೂಗು. ಬೆನ್ನ ಮೇಲಿನ ಚೀಲ ತಿರುಗಿದ ಕಡೆಯೆಲ್ಲ ಯಾರದೋ ಮುಖಕ್ಕೆ ಬಡಿಯುತ್ತದೆ.

ಹೆಂಗಸರು ಕಾರ್ಡು ತೋರಿಸುತ್ತಾರೆ, ದುಡ್ಡು ಕೊಡುವುದಿಲ್ಲ. ಹೊಸಬನಿಗೆ ಆಶ್ಚರ್ಯ. 2023ರ ಜೂನ್ 11ರಿಂದ ಶುರುವಾದ ಶಕ್ತಿ ಯೋಜನೆ ಕರ್ನಾಟಕದ ಮಹಿಳೆಯರಿಗೆ ಮಾತ್ರ. ಕೇರಳದಿಂದ ಬಂದ ಹುಡುಗಿ ಟಿಕೆಟ್ ತಗೊಳ್ಳಬೇಕು ಎಂಬುದು ಯಾರಾದರೂ ಬಿಡಿಸಿ ಹೇಳಿದ ಮೇಲಷ್ಟೇ ಅವಳಿಗೆ ಅರ್ಥವಾಗುವುದು.

ಚಿಲ್ಲರೆ ಕಥೆ ಇದಕ್ಕಿಂತ ಸ್ವಾರಸ್ಯ. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರು ಬಾಕಿಯನ್ನು ಟಿಕೆಟ್ಟಿನ ಹಿಂದೆ ಗೀಚಿ ಕೊಡುತ್ತಾರೆ. ಇಳಿಯುವಾಗ ಕೇಳಿ ಪಡೆಯಬೇಕು. ನಮಗೆ ಇದು ಹುಟ್ಟಿನಿಂದ ಗೊತ್ತು. ಹೊಸಬನಿಗೆ ಅದು ಏನೋ ಬರಹ, ಅಷ್ಟೆ. ಟಿಕೆಟ್ ಜೇಬಿಗಿಟ್ಟು ಇಳಿದು ಹೋಗುತ್ತಾನೆ. ಕಂಡಕ್ಟರದ್ದು ತಪ್ಪು ಅನ್ನುವಂತಿಲ್ಲ, ಅವನದ್ದೂ ಅಲ್ಲ. ಆದರೆ 'ಊರವರು ಚಿಲ್ಲರೆ ನುಂಗಿದರು' ಎಂಬ ಮಾತು ಮಾತ್ರ ಅವನ ಜೊತೆಗೆ ಹೋಗುತ್ತದೆ.

ಇಳಿಯುವುದು ಎಲ್ಲಿ?

ಕುವೆಂಪುನಗರ, ರಾಮಕೃಷ್ಣನಗರ ಕಳೆದ ಮೇಲೆ ಗದ್ದಲ ಇಳಿಯುತ್ತದೆ. ಅಗಲ ರಸ್ತೆ, ಸಾಲು ಮನೆ, ಮರದ ನೆರಳು. ಪ್ರವಾಸಿ ಮೊದಲ ಸಲ ಉಸಿರು ಬಿಡುತ್ತಾನೆ. ಅಷ್ಟರಲ್ಲಿ ಇನ್ನೊಂದು ಪರೀಕ್ಷೆ. ಹಂತ, ಬ್ಲಾಕು, ಮೇನು, ಕ್ರಾಸು! ಹೆಸರಿಲ್ಲದ ನಿಲ್ದಾಣದಲ್ಲಿ ಇಳಿದವನಿಗೆ ತಾನು ಯಾವ ಹಂತದಲ್ಲಿ ನಿಂತಿದ್ದೇನೆ ಎಂದು ತಿಳಿಯುವುದು ಹೇಗೆ? "ಸ್ಟ್ರೈಟ್ ಹೋಗಿ, ಲೆಫ್ಟ್ ತಗೊಳ್ಳಿ, ಅಲ್ಲಿ ಯಾರನ್ನಾದ್ರೂ ಕೇಳಿ" ಎಂಬುದು ನಮ್ಮ ಊರಿನ ಉತ್ತರ. ಮೊಬೈಲು ನಕ್ಷೆ ಇದ್ದರೂ ಕೊನೆಗೆ ದಾರಿ ತೋರಿಸುವುದು ಮೂಲೆಯ ಕಿರಾಣಿ ಅಂಗಡಿಯವರೇ. ಗಿರಾಕಿ ಬಿಟ್ಟು ಎದ್ದು ಬಂದು, ಬೀದಿ ತುದಿಯವರೆಗೆ ಕೈ ಮಾಡಿ ತೋರಿಸುವವರು ಇನ್ನೂ ಇದ್ದಾರೆ. ಪ್ರವಾಸಿ ಊರಿಗೆ ಹೋಗಿ ಮೈಸೂರನ್ನು ಹೊಗಳಿದರೆ, ಅರ್ಧ ಪುಣ್ಯ ಇಂಥವರದ್ದು.

ದಿನದ ಗೋಳು ಯಾರದ್ದು?

ಯೋಚಿಸಿ ನೋಡಿ. ಪ್ರವಾಸಿಗೆ ಒಂದು ದಿನ ಆಗುವ ಈ ಗೋಳು, ದಟ್ಟಗಳ್ಳಿಯಿಂದ ಪೇಟೆಗೆ ಬಂದು ಹೋಗುವವರಿಗೆ ವರ್ಷವಿಡೀ ಆಗುವಂಥದ್ದು. ಚಿಲ್ಲರೆ, ನೂಕುನುಗ್ಗಲು, ಮೀಟರ್ ಹಾಕದ ಆಟೋ, ನಡೆಯಲು ಬಿಡದ ಫುಟ್‌ಪಾತು, ಎಲ್ಲವೂ ಇಬ್ಬರಿಗೂ ಸಮ. ನಾವು ಅಭ್ಯಾಸದಿಂದ ಸುಮ್ಮನಿದ್ದೇವೆ. ಅವನು ಹೊಸಬನಾದ್ದರಿಂದ ಅವನಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ದಸರೆ ಬಂದಾಗ ದೀಪಾಲಂಕಾರಕ್ಕೆ, ಕಮಾನುಗಳಿಗೆ ಖರ್ಚು ಮಾಡುವುದು ತಪ್ಪಲ್ಲ. ಭಾನುವಾರ ಸಂಜೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ, ಬಿಟ್ಟಿಯಾಗಿ ನಿಂತು ನೋಡುವ ಬಡ ಪ್ರವಾಸಿಯೂ ದಣಿವು ಮರೆಯುತ್ತಾನೆ. ಆದರೆ ಬಲ್ಬು ಆರಿದ ಮೇಲೆ ಅವನು ಬಸ್ ಸ್ಟ್ಯಾಂಡಿಗೇ ಬರಬೇಕು, ಊರವರೂ ಬರಬೇಕು.

ಆದ್ದರಿಂದ ಸಂಬಂಧಪಟ್ಟವರಲ್ಲಿ ಸಾರ್ವಜನಿಕರ ಪರವಾಗಿ ಮೂರೇ ಕೋರಿಕೆ. ಪ್ರತಿ ಬಸ್ ನಿಲ್ದಾಣಕ್ಕೂ ಕನ್ನಡದಲ್ಲಿ, ಕೆಳಗೆ ಇಂಗ್ಲಿಷಿನಲ್ಲಿ ಹೆಸರು ಬರೆಸಿ. ಸಬರ್ಬನ್ ನಿಲ್ದಾಣದಿಂದ ಸಿಟಿ ಸ್ಟ್ಯಾಂಡಿಗೆ ದಾರಿ ತೋರಿಸುವ ಬೋರ್ಡು, ಹೆಜ್ಜೆ ಇಡುವಷ್ಟು ಫುಟ್‌ಪಾತು ಕೊಡಿ. ಅರಮನೆ ಬಾಗಿಲ 'ಸ್ಪೆಷಲ್ ಮಾರ್ಕೆಟ್' ಸಭ್ಯಸ್ಥರ ಮೇಲೆ ಪೊಲೀಸರು ಒಂದು ಕಣ್ಣಿಡಲಿ. ಯಾವುದಕ್ಕೂ ಕೋಟಿಗಟ್ಟಲೆ ಬೇಡ. ಅಂಗಡಿಯವರು, ಬಸ್ಸಿನವರು ಮಾಡಬೇಕಾದ್ದು ಇನ್ನೂ ಕಡಿಮೆ. ಹೊಸಬ ಟಿಕೆಟ್ ಜೇಬಿಗೆ ಹಾಕುವಾಗ, "ಹಿಂದೆ ಬಾಕಿ ಬರೆದಿದ್ದಾರೆ ಸ್ವಾಮಿ, ಇಳಿಯೋವಾಗ ಕೇಳಿ ಇಸ್ಕೊಳ್ಳಿ" ಅಂತ ಪಕ್ಕದ ಸೀಟಿನವರು ಒಂದು ಮಾತು ಹೇಳಿದರೆ ಸಾಕು.